ಕಾರಿನ ಬಣ್ಣಕ್ಕೆ ಗೀರು ಬೀಳದಂತೆ ಮನೆಯಲ್ಲೇ ತೊಳೆದು ಕಾಪಾಡುವುದು ಹೇಗೆ?

ಬೆಳಗಿನ ಬಿಸಿಲಿನಲ್ಲಿ ಕಾರಿನ ಬಾನೆಟ್ ಮೇಲೆ ಸೂರ್ಯನ ಬಿಂಬ ಮೂಡಿದ ಜಾಗವನ್ನು ಹತ್ತಿರದಿಂದ ನೋಡಿ. ಬಿಂಬದ ಸುತ್ತ ನವುರಾದ ಗೆರೆಗಳು ಸುತ್ತುಸುತ್ತಾಗಿ ಹೊಳೆಯುತ್ತಿದ್ದರೆ ಅವು ರಸ್ತೆಯಲ್ಲಿ ಬಿದ್ದವಲ್ಲ, ಒರೆಸುವಾಗ ಬಿದ್ದವು. ಕಪ್ಪು, ಕಡುನೀಲಿ, ಕೆಂಪು ಕಾರುಗಳಲ್ಲಿ ಇವು ಎದ್ದು ಕಾಣುತ್ತವೆ. ಬಿಳಿ ಮತ್ತು ಬೆಳ್ಳಿ ಬಣ್ಣದಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಆದರೂ ಇರುತ್ತವೆ.

ನಮ್ಮಲ್ಲಿ ಕಾರು ಮಂಕಾಗಲು ದೊಡ್ಡ ಕಾರಣ ದಿನವೂ ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ. ಅಪಾರ್ಟ್‌ಮೆಂಟುಗಳಲ್ಲಿ ಒಂದು ಬಕೆಟ್ ನೀರು, ಒಂದು ಹಳೆಯ ಬನಿಯನ್ ಬಟ್ಟೆಯಲ್ಲಿ ಹತ್ತಾರು ಕಾರುಗಳು ಒರೆಸಿಕೊಳ್ಳುತ್ತವೆ. ಮೂರನೇ ಕಾರಿಗೆ ಬರುವಷ್ಟರಲ್ಲಿ ಆ ಬಟ್ಟೆಯಲ್ಲಿ ತುಂಬಿರುವ ಮಣ್ಣಿನ ಕಣಗಳು ಅದನ್ನು ಎಮರಿ ಪೇಪರ್ ಮಾಡಿಬಿಟ್ಟಿರುತ್ತವೆ. ಒರೆಸುವ ಹುಡುಗನದು ಇದರಲ್ಲಿ ತಪ್ಪಿಲ್ಲ. ಹೊತ್ತು ಮೂಡುವ ಮುನ್ನ ಅಷ್ಟೂ ಕಾರು ಮುಗಿಸು ಎಂದು ಹೇಳಿದವರು ನಾವು. ನಿಮ್ಮ ಕಾರನ್ನು ದಿನಾ ಒರೆಸುವುದು ಬೇಡ, ಗಾಜು ಮಾತ್ರ ಒರೆಸಿದರೆ ಸಾಕು ಎಂದು ಅವನಿಗೆ ಹೇಳಿ, ತಿಂಗಳ ಹಣವನ್ನು ಕಡಿಮೆ ಮಾಡದೆ ಕೊಡಿ. ಬಣ್ಣ ಉಳಿಸುವ ಮೊದಲ ಹೆಜ್ಜೆ ಇದು.

ಕಾರ್ಖಾನೆಯಿಂದ ಬರುವ ಕಾರಿನ ಬಣ್ಣ ಎಲ್ಲ ಪದರುಗಳೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ ಇರುತ್ತದೆ. 1,000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಇದರಲ್ಲಿ ಹೊಳಪು ಕೊಡುವ, ಬಿಸಿಲನ್ನು ತಡೆಯುವ ಮೇಲಿನ ಪಾರದರ್ಶಕ ಪದರು, ಅಂದರೆ ಕ್ಲಿಯರ್ ಕೋಟ್, ಸುಮಾರು 35ರಿಂದ 50 ಮೈಕ್ರಾನ್ ಅಷ್ಟೇ. ನೀವು ನೋಡುವ ಗೆರೆಗಳೆಲ್ಲ ಈ ಪದರಿನಲ್ಲಿ ಇವೆ. ಅವನ್ನು ಅಳಿಸುವುದೆಂದರೆ ಸುತ್ತಲಿನ ಪದರನ್ನೂ ಗೆರೆಯ ಆಳಕ್ಕೆ ಸವೆಸುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಮುಂದೆ ಹೇಳುವ ಪ್ರತಿ ಹೆಜ್ಜೆಯ ಗುರಿ ಒಂದೇ: ಕೊಳೆಯನ್ನು ಮೊದಲು ನೀರು ಮತ್ತು ನೊರೆ ಸಡಿಲಿಸಲಿ, ಕೈ ಕೊನೆಗೆ ಮುಟ್ಟಲಿ, ಮುಟ್ಟುವುದು ಆದಷ್ಟು ಕಡಿಮೆಯಾಗಲಿ.

ಬೇಕಾಗುವ ಸಾಮಾನು

ಮೂರು ಬಕೆಟ್: ಒಂದು ಶಾಂಪೂ ನೀರಿಗೆ, ಒಂದು ಬಟ್ಟೆ ಜಾಲಿಸುವ ಬರಿ ನೀರಿಗೆ, ಒಂದು ಚಕ್ರಗಳಿಗೆ. ಮೈಕ್ರೋಫೈಬರ್‌ನ ತೊಳೆಯುವ ಕೈಚೀಲ ಒಂದು, ಅಥವಾ ದಪ್ಪನೆಯ ಮೈಕ್ರೋಫೈಬರ್ ಬಟ್ಟೆಗಳು ಐದಾರು. ನೀರು ಹೀರಲು ದೊಡ್ಡ ಟವೆಲ್ ಒಂದು. ಚಕ್ರಕ್ಕೆ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಬೇರೆ ಬೇರೆ ಮೆದು ಬ್ರಷ್. ಕಾರಿಗೆಂದೇ ಮಾಡಿದ, ಪಿಎಚ್ ಮಟ್ಟ ಏಳರ ಆಸುಪಾಸಿನಲ್ಲಿರುವ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಶಾಂಪೂ.

ಶಾಂಪೂ ವಿಷಯದಲ್ಲಿ ರಾಜಿ ಬೇಡ. ಪಾತ್ರೆ ತೊಳೆಯುವ ದ್ರವ ಜಿಡ್ಡು ತೆಗೆಯಲೆಂದೇ ಹುಟ್ಟಿದ್ದು, ಬಣ್ಣದ ರಕ್ಷಣೆಗೆಂದು ಹಚ್ಚಿದ ವ್ಯಾಕ್ಸನ್ನೂ, ಅಂದರೆ ಮೇಣವನ್ನೂ, ಅದು ತೆಗೆದುಹಾಕುತ್ತದೆ. ಬಟ್ಟೆ ಒಗೆಯುವ ಪುಡಿ ಇನ್ನೂ ಕೆಟ್ಟದ್ದು: ಕ್ಷಾರ ಹೆಚ್ಚು, ಜೊತೆಗೆ ಕರಗದ ಹರಳುಗಳು ನೇರವಾಗಿ ಬಣ್ಣವನ್ನು ಉಜ್ಜುತ್ತವೆ. ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳುವ ಹಿಡಿಯಿರುವ ಧೂಳು ಒರೆಸುವ ಕುಚ್ಚನ್ನು ಇಂದೇ ತೆಗೆದಿಡಿ, ಅದು ಒಣಧೂಳನ್ನು ಬಣ್ಣದ ಮೇಲೆ ಎಳೆದಾಡುವ ಸಾಧನ.

ನೀರು: ಅರ್ಧ ಯುದ್ಧ ಇಲ್ಲೇ

ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯದ ಕೊಳವೆಬಾವಿ ನೀರಿನಲ್ಲಿ ಗಡಸುತನ ಎಷ್ಟಿದೆ ಎಂದು ಬಚ್ಚಲಿನ ನಲ್ಲಿ ನೋಡಿದರೇ ತಿಳಿಯುತ್ತದೆ. ನಲ್ಲಿಯ ಮೇಲೆ ಕೂರುವ ಬಿಳಿ ಪದರೇ ಕಾರಿನ ಮೇಲೂ ಕೂರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುವ ಹನಿ ಬಿಸಿ ಲೋಹದ ಮೇಲೆ ಆರಿದಾಗ ನೀರು ಹೋಗಿ ಲವಣ ಉಳಿಯುತ್ತದೆ. ಹಾಗೇ ಬಿಟ್ಟರೆ ಕ್ಲಿಯರ್ ಕೋಟಿನಲ್ಲಿ ಗುಂಡನೆಯ ಗುರುತು ಕೊರೆಯುತ್ತದೆ.

ಇದಕ್ಕೆ ಮೂರು ಉಪಾಯಗಳಿವೆ. ಒಂದು, ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರುವ ಹೊತ್ತಿನಲ್ಲಿ, ನೆರಳಿನಲ್ಲಿ ಮಾತ್ರ ತೊಳೆಯುವುದು. ಎರಡು, ಯಾವ ಭಾಗವನ್ನೂ ತಾನಾಗಿ ಆರಲು ಬಿಡದಿರುವುದು. ಮೂರು, ಕೊನೆಯ ಜಾಲಾಟಕ್ಕೆ ಮೃದು ನೀರು ಬಳಸುವುದು. ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರು ಇದಕ್ಕೆ ಬಹಳ ಒಳ್ಳೆಯದು. ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲೂ ಲವಣ ತೀರಾ ಕಡಿಮೆ. ಅದನ್ನು ಸೋಸಿ, ಡಬ್ಬಿಯಲ್ಲಿ ಕೂಡಿಟ್ಟರೆ ಕೊನೆಯ ಒರೆಸುವಿಕೆಗೆ ಸಾಕಾಗುತ್ತದೆ. ಆದರೆ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಣ್ಣದ ಮೇಲೆ ಸುರಿಯಬೇಡಿ. ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದ ಹಲವರು ಹೀಗೆ ಮಾಡುತ್ತಾರೆ, ಆದರೆ ಲವಣ ಇನ್ನಷ್ಟು ಸಾಂದ್ರವಾದ ನೀರು ಅದು. ಟೈರು, ಚಕ್ರದ ಮೇಲಿನ ಕಮಾನಿನ ಒಳಭಾಗದ ಕೆಸರಿಗೆ ಅದನ್ನು ಬಳಸಿ.

ಕುಡಿಯುವ ನೀರಿನ ಮಾತೂ ಇದೆ. 2024ರ ಮಾರ್ಚಿನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ದಂಡದ ಭಯವಿಲ್ಲದ ಕಾಲದಲ್ಲೂ ಪೈಪು ತೆರೆದಿಟ್ಟು ಕಾರು ತೊಳೆಯುವುದು ನನಗೆ ಸರಿ ಕಾಣುವುದಿಲ್ಲ. ಕಡಿಮೆ ನೀರಿನ ದಾರಿಯನ್ನೂ ಮುಂದೆ ಹೇಳುತ್ತೇನೆ.

ತೊಳೆಯುವ ಕ್ರಮ

ಚಕ್ರಗಳಿಂದ ಶುರು ಮಾಡಿ. ಕಾರಿನಲ್ಲಿ ಅತಿ ಕೊಳಕು ಭಾಗ ಅದೇ. ಬ್ರೇಕ್ ಪ್ಯಾಡಿನಿಂದ ಉದುರಿದ ಕಬ್ಬಿಣದ ಪುಡಿ, ಡಾಂಬರು, ಕೆಸರು ಎಲ್ಲ ಅಲ್ಲಿರುತ್ತವೆ. ಕೊನೆಗೆ ತೊಳೆದರೆ ಆ ಸಿಡಿತ ತೊಳೆದ ಬಾಗಿಲಿನ ಮೇಲೆ ಬೀಳುತ್ತದೆ. ಚಕ್ರದ ಬಕೆಟ್, ಬ್ರಷ್, ಬಟ್ಟೆ ಮೂರೂ ಬಣ್ಣದ ಹತ್ತಿರ ಸುಳಿಯಬಾರದು.

ನಂತರ ಇಡೀ ಕಾರಿಗೆ ಮೇಲಿನಿಂದ ಕೆಳಗೆ ನೀರು ಹಾಯಿಸಿ. ಮಲೆನಾಡಿನ ಕೆಮ್ಮಣ್ಣು ಒಣಗಿ ಕಟ್ಟಿದ್ದರೆ ಒಮ್ಮೆ ನೆನೆಸಿ, ಐದು ನಿಮಿಷ ಬಿಟ್ಟು, ಮತ್ತೊಮ್ಮೆ ಹಾಯಿಸಿ. ಒತ್ತಡದ ಪಂಪು ಇದ್ದರೆ ಅಗಲವಾಗಿ ಹರಡುವ ಮೂತಿ ಹಾಕಿ, ಬಣ್ಣದಿಂದ ಕನಿಷ್ಠ ಒಂದು ಅಡಿ ದೂರ ಹಿಡಿಯಿರಿ. ಬಣ್ಣ ಎದ್ದ ಜಾಗ, ಅಂಟಿಸಿದ ಲಾಂಛನ, ಪಾರ್ಕಿಂಗ್ ಸೆನ್ಸರ್ ಇವುಗಳ ಮೇಲೆ ನೇರವಾಗಿ ಬಿಡಬೇಡಿ. ನೊರೆ ಉಗುಳುವ ಸಾಧನ ಇದ್ದರೆ ಈಗ ಬಳಸಿ. ನೊರೆ ಇಳಿಯುತ್ತ ಕೊಳೆಯನ್ನೂ ಇಳಿಸುತ್ತದೆ. ಆರುವ ಮುನ್ನ ಜಾಲಿಸಿ. ಕಾಣುವ ಮಣ್ಣೆಲ್ಲ ಈ ಹಂತದಲ್ಲೇ ಹೋಗಿರಬೇಕು. ಬೆರಳು ತಾಗಿಸಿದರೆ ಮರಳು ಸಿಗುವಂತಿದ್ದರೆ ಮುಂದಕ್ಕೆ ಹೋಗಬೇಡಿ, ಮತ್ತೆ ನೀರು ಹಾಕಿ.

ಈಗ ಕೈಚೀಲ. ಶಾಂಪೂ ಬಕೆಟ್ಟಿನಲ್ಲಿ ಅದ್ದಿ, ಮೊದಲು ಟಾಪು, ಆಮೇಲೆ ಗಾಜುಗಳು, ಬಾನೆಟ್, ಡಿಕ್ಕಿಯ ಮೇಲ್ಭಾಗ, ಬಾಗಿಲುಗಳ ಮೇಲರ್ಧ, ಕೊನೆಗೆ ಬಾಗಿಲುಗಳ ಕೆಳಭಾಗ ಮತ್ತು ಬಂಪರುಗಳು. ಸುತ್ತು ಸುತ್ತಾಗಿ ಉಜ್ಜದೆ, ನೇರವಾಗಿ, ಕೈಚೀಲದ ಭಾರದಷ್ಟೇ ಒತ್ತಡದಲ್ಲಿ ಎಳೆಯಿರಿ. ಒಂದು ಬಾಗಿಲಿನಷ್ಟು ಜಾಗ ಮುಗಿದ ಕೂಡಲೇ ಅದನ್ನು ಬರಿ ನೀರಿನ ಬಕೆಟ್ಟಿನಲ್ಲಿ ಚೆನ್ನಾಗಿ ಕುಲುಕಿ, ಹಿಂಡಿ, ಆಮೇಲೆ ಮತ್ತೆ ಶಾಂಪೂ ನೀರಿಗೆ ಅದ್ದಿ. ಕೆಲಸ ಮುಗಿದಾಗ ಎರಡನೇ ಬಕೆಟ್ಟಿನ ತಳ ನೋಡಿ. ಆ ಬಕೆಟ್ ಇಲ್ಲದೇ ಹೋಗಿದ್ದರೆ ಅಲ್ಲಿ ಕೂತಿರುವ ಮರಳು ಕಾರಿನ ಮೈಮೇಲೆ ಓಡಾಡುತ್ತಿತ್ತು. ಕೈಚೀಲ ನೆಲಕ್ಕೆ ಬಿದ್ದರೆ ಅಂದಿಗೆ ಅದರ ಕೆಲಸ ಮುಗಿಯಿತು. ಇನ್ನೊಂದನ್ನು ತೆಗೆದುಕೊಳ್ಳಿ.

ಜಾಲಿಸಿದ ಮೇಲೆ ಟವೆಲನ್ನು ಬಾನೆಟ್ ಮೇಲೆ ಹಾಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಎತ್ತಿ. ಹೀರುವ ಕೆಲಸ ಟವೆಲಿನದು, ಎಳೆದಾಡುವ ಅಗತ್ಯವಿಲ್ಲ. ಬಾಗಿಲಿನ ಸಂದು, ಕನ್ನಡಿಯ ಬುಡ, ಪೆಟ್ರೋಲ್ ಮುಚ್ಚಳದ ಒಳಗಡೆ ಉಳಿದ ನೀರನ್ನು ಬೇರೆ ಬಟ್ಟೆಯಿಂದ ತೆಗೆಯಿರಿ. ಮುಗಿದ ಮೇಲೆ ಕಾರನ್ನು ಒಂದು ಸುತ್ತು ಓಡಿಸಿ, ನಾಲ್ಕೈದು ಬಾರಿ ಬ್ರೇಕ್ ಒತ್ತಿ ಬನ್ನಿ. ಬ್ರೇಕ್ ಡಿಸ್ಕಿನ ನೀರು ಆರುತ್ತದೆ. ಒದ್ದೆಯಾಗಿದ್ದಾಗಲೇ ಹ್ಯಾಂಡ್‌ಬ್ರೇಕ್ ಎಳೆದು ಎರಡು ದಿನ ನಿಲ್ಲಿಸಿದರೆ ಹಿಂದಿನ ಬ್ರೇಕ್ ಕಚ್ಚಿಕೊಳ್ಳುವುದುಂಟು.

ಒಂದೇ ಬಕೆಟ್ಟಿನಲ್ಲಿ ತೊಳೆಯುವುದಾದರೆ

ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಪೈಪಿನ ಮಾತೇ ಇಲ್ಲ. ಅವರಿಗೆ ಜಾಲಿಸುವ ಅಗತ್ಯವಿಲ್ಲದ ಶಾಂಪೂ ಸಿಗುತ್ತದೆ. ಇದರಲ್ಲಿರುವ ಪಾಲಿಮರುಗಳು ಕೊಳೆಯ ಕಣಗಳನ್ನು ಆವರಿಸಿ ಬಣ್ಣದಿಂದ ಬಿಡಿಸುತ್ತವೆ. ಎಂಟು ಹತ್ತು ಲೀಟರ್ ನೀರಿಗೆ ಸೀಸೆಯ ಮೇಲೆ ಬರೆದಷ್ಟು ಹಾಕಿ, ಎಂಟು ಹತ್ತು ಮೈಕ್ರೋಫೈಬರ್ ಬಟ್ಟೆಗಳನ್ನು ಅದರಲ್ಲಿ ನೆನೆಸಿಡಿ. ಅದೇ ದ್ರಾವಣವನ್ನು ಸ್ಪ್ರೇ ಬಾಟಲಿಯಿಂದ ಒಂದು ಭಾಗಕ್ಕೆ ಧಾರಾಳವಾಗಿ ಸಿಂಪಡಿಸಿ, ಒಂದೆರಡು ನಿಮಿಷ ಬಿಡಿ. ಬಟ್ಟೆಯನ್ನು ಎರಡು ಬಾರಿ ಮಡಿಸಿದರೆ ಎಂಟು ಮುಖಗಳು ಸಿಗುತ್ತವೆ. ಒಂದು ಮುಖದಿಂದ ಒಂದು ಎಳೆತ, ಆಮೇಲೆ ಹೊಸ ಮುಖ. ಕೊಳೆಯಾದ ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಹಾಕಬಾರದು, ಪಕ್ಕಕ್ಕಿಡಿ. ಹಿಂದೆಯೇ ಒಣ ಟವೆಲಿನಿಂದ ಒತ್ತಿ ಆರಿಸಿ.

ಸಾಧಾರಣ ಧೂಳಿಗೆ ಈ ವಿಧಾನ ತುಂಬಾ ಸೊಗಸು, ಪೈಪಿನಲ್ಲಿ ತೊಳೆದದ್ದಕ್ಕಿಂತ ಗೀರು ಕಡಿಮೆ ಎಂದರೂ ತಪ್ಪಿಲ್ಲ. ಕೆಸರು ಮೆತ್ತಿದ್ದರೆ ಮಾತ್ರ ಬೇಡ. ಮೊದಲು ಎಲ್ಲಾದರೂ ನೀರು ಹಾಯಿಸಿ ಕೆಸರು ಇಳಿಸಲೇಬೇಕು.

ತೊಳೆದರೂ ಹೋಗದ ಕೊಳೆ

ತೊಳೆದು ಆರಿಸಿದ ಬಾನೆಟ್ ಮೇಲೆ, ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬೆರಳಾಡಿಸಿ. ಕಣ್ಣಿಗೆ ಥಳಥಳ ಕಂಡದ್ದು ಬೆರಳಿಗೆ ತರಿತರಿಯಾಗಿ ತಾಗುತ್ತದೆ. ರೈಲು ಹಳಿಯ ಪಕ್ಕ, ಕೈಗಾರಿಕಾ ಪ್ರದೇಶದಲ್ಲಿ ನಿಲ್ಲಿಸುವ ಕಾರುಗಳಲ್ಲಂತೂ ಇದು ಹೆಚ್ಚು. ಕಬ್ಬಿಣದ ಸೂಕ್ಷ್ಮ ಕಣಗಳು, ಡಾಂಬರಿನ ಚುಕ್ಕೆ, ಬೇರೆಡೆಯಿಂದ ಹಾರಿಬಂದ ಪೇಂಟು ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಇದರ ಮೇಲೆ ವ್ಯಾಕ್ಸ್ ಹಚ್ಚಿದರೆ ಹಿಡಿಯುವುದಿಲ್ಲ.

ಮೊದಲು ಡಾಂಬರು. ಅದಕ್ಕೆಂದೇ ಇರುವ ದ್ರಾವಕವನ್ನು ಬಟ್ಟೆಗೆ ಹಾಕಿ ಚುಕ್ಕೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದರೆ ಕರಗುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕುವುದು ಹಳೆಯ ರೂಢಿ. ಡಾಂಬರೇನೋ ಹೋಗುತ್ತದೆ, ಆದರೆ ಜಿಡ್ಡು ಉಳಿದು ಬೀಡಿಂಗ್, ಅಂದರೆ ಬಾಗಿಲಂಚಿನ ರಬ್ಬರ್ ಪಟ್ಟಿ, ಉಬ್ಬುತ್ತದೆ.

ಎರಡನೆಯದು ಕಬ್ಬಿಣ ತೆಗೆಯುವ ದ್ರವ. ಸಿಂಪಡಿಸಿದ ಒಂದೆರಡು ನಿಮಿಷಗಳಲ್ಲಿ ಚಕ್ರದ ಮೇಲೆ, ಬಾಗಿಲಿನ ಕೆಳಗೆ ನೇರಳೆ ಬಣ್ಣದ ಗೆರೆಗಳು ಇಳಿಯತೊಡಗುತ್ತವೆ. ಬಿಳಿ ಕಾರಿನಲ್ಲಿ ಇದು ನೋಡುವಂತಿರುತ್ತದೆ. ಬಣ್ಣವೇ ಕರಗಿತೇನೋ ಎಂದು ಗಾಬರಿಯಾಗಬೇಡಿ, ದ್ರವದಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದೊಂದಿಗೆ ಸೇರಿದಾಗ ಆ ಬಣ್ಣ ಬರುತ್ತದೆ. ವಾಸನೆ ಕೆಟ್ಟದ್ದು. ಗಾಳಿಯಾಡುವ ಜಾಗದಲ್ಲಿ, ಕೈಗವಸು ಹಾಕಿಕೊಂಡು ಮಾಡಿ, ಆರಲು ಬಿಡದೆ ತೊಳೆಯಿರಿ.

ಉಳಿದದ್ದಕ್ಕೆ ಕ್ಲೇ. ಇದು ಜೇಡಿಮಣ್ಣಿನಂತೆ ನಾದಬಹುದಾದ ಮುದ್ದೆ. ನವುರಾದ ದರ್ಜೆಯದನ್ನೇ ಕೊಳ್ಳಿ. ಸ್ವಲ್ಪವೇ ತೆಗೆದು ಅಂಗೈಯಲ್ಲಿ ತಟ್ಟಿ, ಎರಡು ಅಡಿ ಚೌಕದಷ್ಟು ಜಾಗಕ್ಕೆ ಕ್ಲೇ ಸಲೀಸಾಗಿ ಜಾರುವಂತೆ ಮಾಡುವ ದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಒತ್ತದೆ ಹಿಂದೆ ಮುಂದೆ ಸರಿಸಿ. ಮೊದಲು ಬೆರಳಿಗೆ ತಡೆ ಗೊತ್ತಾಗುತ್ತದೆ, ಸಣ್ಣಗೆ ಕರಕರ ಸದ್ದೂ ಕೇಳುತ್ತದೆ. ಸದ್ದು ನಿಂತು ಸಲೀಸಾಗಿ ಜಾರತೊಡಗಿದರೆ ಆ ಜಾಗ ಮುಗಿಯಿತು. ಮುದ್ದೆಯನ್ನು ಮಡಿಸಿ ಹೊಸ ಮುಖ ಮಾಡಿಕೊಳ್ಳಿ. ನೆಲಕ್ಕೆ ಬಿದ್ದರೆ ಎಷ್ಟೇ ದುಬಾರಿಯಾದರೂ ಎಸೆಯಿರಿ. ವರ್ಷಕ್ಕೆ ಒಂದೆರಡು ಬಾರಿ ಸಾಕು, ಕ್ಲೇ ಕೂಡ ಸ್ವಲ್ಪ ಉಜ್ಜುತ್ತದೆ.

ಪಾಲಿಶ್ ಬೇಕೇ?

ಹಲವು ಕಡೆ ಸರ್ವಿಸಿಗೆ ಬಿಟ್ಟಾಗ "ರಬ್ಬಿಂಗ್ ಪಾಲಿಶ್ ಮಾಡಿಸಿಬಿಡಿ ಸರ್" ಎನ್ನುತ್ತಾರೆ. ಪ್ರತಿ ಸರ್ವಿಸಿಗೂ ಒಪ್ಪಿಕೊಳ್ಳಬೇಡಿ. ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನು ಸವೆಸುವ ಕೆಲಸ. ಅವಸರದಲ್ಲಿ ವೇಗದ ಯಂತ್ರ ಆಡಿಸಿದರೆ ಹಳೆಯ ಗೆರೆ ಹೋಗಿ ಹೊಸ ಮೋಡದಂಥ ಗುರುತು ಬರುತ್ತದೆ. ಮನೆಯಲ್ಲಿ ಮಾಡುವುದಾದರೆ ನವುರಾದ ಪಾಲಿಶನ್ನು ಫೋಮ್ ತುಂಡಿನಿಂದ ಕೈಯಲ್ಲೇ, ಮಂಕಾದ ಜಾಗಕ್ಕೆ ಮಾತ್ರ ಹಚ್ಚಿ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಅಲ್ಲಿ ಕೈ ತಡೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಪಾಲಿಶಿಗೆ ಹೋಗುವುದಿಲ್ಲ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಪಾಲಿಶ್, ವ್ಯಾಕ್ಸ್ ಎರಡೂ ನಿಷಿದ್ಧ.

ರಕ್ಷಣೆಯ ಪದರು

ಕಾರ್ನುಬಾ ವ್ಯಾಕ್ಸ್ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಹೊಳಪು ಆಳವಾಗಿ ಕಾಣುತ್ತದೆ, ಆದರೆ ನಮ್ಮ ಬಿಸಿಲು ಮಳೆಗೆ ಒಂದೆರಡು ತಿಂಗಳು ತಾಳಿದರೆ ಹೆಚ್ಚು. ಪಾಲಿಮರ್ ಸೀಲೆಂಟ್, ಅಂದರೆ ವ್ಯಾಕ್ಸಿನಂತೆಯೇ ಹಚ್ಚುವ ಕೃತಕ ರಕ್ಷಣಾ ಲೇಪ, ನಾಲ್ಕೈದು ತಿಂಗಳು ನಿಲ್ಲುತ್ತದೆ. ಸಿಲಿಕಾ ಸೇರಿಸಿದ ಸ್ಪ್ರೇಗಳೂ ಅಷ್ಟೇ, ಹಚ್ಚುವುದು ಇನ್ನೂ ಸುಲಭ. ನಿಜವಾದ ಸೆರಾಮಿಕ್ ಕೋಟಿಂಗನ್ನು ಮನೆಯಲ್ಲಿ ಹಚ್ಚಲು ನಾನು ಸಲಹೆ ಕೊಡುವುದಿಲ್ಲ. ಧೂಳಿಲ್ಲದ ಜಾಗ ಬೇಕು, ಕೆಳಗಿನ ಗೆರೆಗಳನ್ನೆಲ್ಲ ಮೊದಲೇ ತೆಗೆದಿರಬೇಕು, ಹಚ್ಚಿದ ಮೇಲೆ ಕಲೆ ಉಳಿದರೆ ಪಾಲಿಶ್ ಮಾಡಿಯೇ ತೆಗೆಯಬೇಕು. ಸೆರಾಮಿಕ್ ಹಚ್ಚಿಸಿದರೆ ಗೀರೇ ಬೀಳುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಜಲ್ಲಿ ಸಿಡಿದರೆ ಅದೂ ತಡೆಯದು. ಅದಕ್ಕೆ ಪಾರದರ್ಶಕ ರಕ್ಷಣಾ ಫಿಲ್ಮೇ ಬೇಕು.

ಹೆಚ್ಚಿನವರಿಗೆ ನನ್ನ ಆಯ್ಕೆ ಸೀಲೆಂಟ್. ಕ್ಲೇ ಆದ ಬಣ್ಣವನ್ನು ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಐದಾರು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿದ ದ್ರಾವಣದಿಂದ ಒರೆಸಿ ಜಿಡ್ಡು ತೆಗೆಯಿರಿ. ಆಮೇಲೆ ಸೀಲೆಂಟ್ ಹಚ್ಚಿ, ಒಂದು ಬಾಗಿಲಿಗೆ ಕಡಲೆಕಾಳಿನ ಗಾತ್ರದ ಮೂರು ನಾಲ್ಕು ಬೊಟ್ಟು ಸಾಕು. ದಪ್ಪ ಹಚ್ಚಿದರೆ ಹೆಚ್ಚು ದಿನ ಬಾಳುವುದಿಲ್ಲ, ಒರೆಸಿ ತೆಗೆಯುವ ಕಷ್ಟ ಮಾತ್ರ ಹೆಚ್ಚುತ್ತದೆ. ಸ್ವಲ್ಪ ಹೊತ್ತಿನ ನಂತರ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸಬಹುದು, ಮಸುಕಾದರೆ ಇನ್ನಷ್ಟು ಕಾಯಿರಿ. ಮೇ ಕೊನೆಯಲ್ಲಿ ಮುಂಗಾರಿಗೆ ಮುಂಚೆ ಒಮ್ಮೆ, ದಸರಾ ಕಳೆದ ಮೇಲೆ ಒಮ್ಮೆ ಹಚ್ಚಿದರೆ ಒಳನಾಡಿಗೆ ಸಾಕು. ಕರಾವಳಿಯವರು ಇನ್ನೊಂದು ಬಾರಿ ಸೇರಿಸಿಕೊಳ್ಳಿ, ಕಾರಿನ ಅಡಿಭಾಗಕ್ಕೂ ಆಗಾಗ ಸಿಹಿನೀರು ಹಾಯಿಸಿ ಉಪ್ಪು ತೊಳೆಯಿರಿ. ಗ್ಯಾರೇಜಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ ಭಾಗವಿದ್ದರೆ ಪೇಂಟ್ ಮಾಡಿದವರನ್ನು ಕೇಳಿ, ಕನಿಷ್ಠ ಒಂದು ತಿಂಗಳಾದರೂ ಅದಕ್ಕೆ ವ್ಯಾಕ್ಸ್ ಹಚ್ಚದೆ ಬಿಡಿ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಗ್ಯಾರೇಜಿನಲ್ಲಿ ಅಷ್ಟು ಶಾಖ ಕೊಡಲಾಗದು, ಒಳಗಿನ ದ್ರಾವಕ ಆರಲು ಸಮಯ ಬೇಕು.

ಕಪ್ಪು ಪ್ಲಾಸ್ಟಿಕ್, ರಬ್ಬರ್, ಟೈರು

ಈಗಿನ ಎಸ್‌ಯುವಿಗಳಿಗೆ ಚಕ್ರದ ಸುತ್ತ, ಬಂಪರಿನ ಕೆಳಗೆ ಬಣ್ಣ ಹಚ್ಚದ ಕಪ್ಪು ಪ್ಲಾಸ್ಟಿಕ್ ಇರುತ್ತದೆ. ನೇರಳಾತೀತ ಕಿರಣಕ್ಕೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೊಬ್ಬರಿ ಎಣ್ಣೆ ಒರೆಸಿದರೆ ಎರಡು ದಿನ ಕಪ್ಪಾಗಿ ಕಂಡು, ಮೂರನೇ ದಿನ ಧೂಳೆಲ್ಲ ಅಲ್ಲೇ ಕೂರುತ್ತದೆ. ಮೆದು ಬ್ರಷ್ ಮತ್ತು ಕ್ಲೀನರಿನಿಂದ ತೊಳೆದು, ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್‌ಗೆಂದೇ ಮಾಡಿದ, ಬಿಸಿಲು ತಡೆಯುವ ಅಂಶವಿರುವ ರಿಸ್ಟೋರರ್ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಬಣ್ಣಕ್ಕೆ ವ್ಯಾಕ್ಸ್ ಹಚ್ಚುವ ಮುನ್ನ ಪ್ಲಾಸ್ಟಿಕ್ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಟೇಪ್ ಮರೆತು ಬಿಳಿ ಕಲೆ ಆಗಿದ್ದರೆ ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಉಜ್ಜಿ, ಬಹುಪಾಲು ಹೋಗುತ್ತದೆ.

ಬಾಗಿಲಿನ ಬೀಡಿಂಗಿಗೆ ಪೆಟ್ರೋಲಿಯಂ ಮೂಲದ ಯಾವುದೂ ಬೇಡ, ನೀರು ಆಧಾರಿತ ರಕ್ಷಕ ದ್ರವ ಒಳ್ಳೆಯದು. ಟೈರಿಗೂ ಅದೇ. ಪಕ್ಕದ ಗೋಡೆಗೆ ಮಾತ್ರ ಹಚ್ಚಿ, ರಸ್ತೆಗೆ ತಾಗುವ ಭಾಗಕ್ಕೆ, ಕಾರಿನ ಪೆಡಲ್‌ಗಳಿಗೆ ಖಂಡಿತಾ ಬೇಡ. ಮುಂದಿನ ಗಾಜಿಗೂ ವ್ಯಾಕ್ಸ್ ತಾಗದಿರಲಿ, ಮಳೆಯಲ್ಲಿ ವೈಪರ್ ತಡೆತಡೆದು ಓಡುತ್ತದೆ.

ತಡಮಾಡಬಾರದ ಕಲೆಗಳು

ಹಕ್ಕಿಯ ಹಿಕ್ಕೆ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಗುರುತು ಉಳಿಸಬಲ್ಲದು. ಒಣಗಿದ್ದನ್ನು ಕೆರೆಯಬೇಡಿ, ಅದರಲ್ಲಿ ಬೀಜ, ಮರಳು ಇರುತ್ತವೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ, ಮೆದುವಾದ ಮೇಲೆ ಮೇಲಕ್ಕೆ ಎತ್ತಿ ತೆಗೆಯಿರಿ. ನೇರಳೆ ಹಣ್ಣಿನ ಕಾಲದಲ್ಲಿ ಮರದಡಿ ನಿಲ್ಲಿಸದಿರುವುದೇ ಲೇಸು. ಹೆದ್ದಾರಿಯಲ್ಲಿ ರಾತ್ರಿ ಬಂದ ಕಾರಿನ ಮೂತಿಗೆ ಅಂಟಿದ ಹುಳುಗಳನ್ನೂ ಮರುದಿನವೇ ಹೀಗೆ ನೆನೆಸಿ ತೆಗೆಯಬೇಕು. ನೀರಿನ ಬಿಳಿ ಕಲೆ ಹೊಸದಾಗಿದ್ದರೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ, ತಣ್ಣನೆಯ ಬಣ್ಣದ ಮೇಲೆ ಒಂದು ನಿಮಿಷ ಒತ್ತಿಟ್ಟು ಚೆನ್ನಾಗಿ ತೊಳೆಯಿರಿ. ಆ ಜಾಗಕ್ಕೆ ಮತ್ತೆ ಸೀಲೆಂಟ್ ಬೇಕಾಗುತ್ತದೆ.

ಆಯುಧ ಪೂಜೆಯ ಮಾತು ಹೇಳದೆ ಮುಗಿಸಲಾಗದು. ಪೂಜೆ ಮನಸ್ಸಿಟ್ಟು ಮಾಡಿ. ಅರಿಸಿನ, ಕುಂಕುಮ, ಗಂಧವನ್ನು ಬಾನೆಟ್ಟಿನ ಬದಲು ಗಾಜಿನ ಮೇಲೆ ಇಡಿ, ಗಾಜು ಕಲೆ ಹೀರುವುದಿಲ್ಲ. ಹೂಮಾಲೆಯನ್ನು ಬಣ್ಣಕ್ಕೆ ಟೇಪ್ ಅಂಟಿಸಿ ನಿಲ್ಲಿಸದೆ ದಾರದಲ್ಲಿ ಕಟ್ಟಿ, ಬಾಳೆಕಂದಿನ ಸೊನೆ ಬಂಪರಿಗೆ ತಾಗದಂತೆ ನೋಡಿಕೊಳ್ಳಿ. ಕುಂಕುಮ ತುಂಬಿದ ಬೂದುಗುಂಬಳವನ್ನು ಕಾರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಡೆಯಿರಿ. ಸಿಡಿದರೆ ಸಂಜೆಯೊಳಗೆ ತೊಳೆಯಿರಿ, ಒಡೆದ ಹೋಳುಗಳನ್ನು ರಸ್ತೆಯಿಂದಲೂ ತೆಗೆಯಿರಿ, ದ್ವಿಚಕ್ರ ವಾಹನದವರು ಜಾರಿ ಬೀಳುತ್ತಾರೆ. ಬಿಳಿ ಕಾರಿನಲ್ಲಿ ಅರಿಸಿನದ ನಸುಹಳದಿ ಉಳಿದರೆ ಉಜ್ಜಬೇಡಿ. ಅರಿಸಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ, ಕೆಲವು ದಿನ ಬಿಸಿಲಿನಲ್ಲಿ ನಿಲ್ಲಿಸಿ.

ಕೊನೆಯದಾಗಿ ಬಟ್ಟೆಗಳು. ಮೈಕ್ರೋಫೈಬರನ್ನು ಹತ್ತಿ ಬಟ್ಟೆಯ ಜೊತೆ ಒಗೆಯಬೇಡಿ, ಹತ್ತಿಯ ಜುಂಗೆಲ್ಲ ಅದಕ್ಕೆ ಹಿಡಿಯುತ್ತದೆ. ದ್ರವ ಸೋಪು, ಉಗುರುಬೆಚ್ಚಗಿನ ನೀರು ಸಾಕು. ಬಟ್ಟೆ ಮೆದುಗೊಳಿಸುವ ಕಂಡೀಷನರ್ ಹಾಕಿದರೆ ಎಳೆಗಳು ಮುಚ್ಚಿಹೋಗಿ ನೀರು ಹೀರುವುದಿಲ್ಲ. ನೆರಳಲ್ಲಿ ಒಣಗಿಸಿ, ಅಂಚಿನ ಚೀಟಿ ಕತ್ತರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಕೆನ್ನೆಗೆ ಒತ್ತಿ ನೋಡಿದಾಗ ಒರಟು ಎನಿಸಿದ ಬಟ್ಟೆಯನ್ನು ಬಣ್ಣದ ಕೆಲಸದಿಂದ ತೆಗೆದು ಚಕ್ರಕ್ಕೆ ಇಟ್ಟುಕೊಳ್ಳಿ. ಅಲ್ಲೂ ಸವೆದ ಮೇಲೆ ಎಂಜಿನ್ ಒರೆಸಲು ಬರುತ್ತದೆ.